ಬ್ಯುಟೈಲ್ ಲಿಥಿಯಂ: ಹೊಸೂರು ರಸ್ತೆಯ ಒಂದು ಕಸುಬಿನ ಚರಿತ್ರೆ

ಎನ್-ಬ್ಯುಟೈಲ್ ಲಿಥಿಯಂ ನಾಲ್ಕು ಇಂಗಾಲ, ಒಂಬತ್ತು ಜಲಜನಕ ಮತ್ತು ಒಂದು ಲಿಥಿಯಂ ಪರಮಾಣುಗಳಿಂದಾದ ಸಾವಯವ ಲೋಹ ಸಂಯುಕ್ತ. ಅಡುಗೆ ಅನಿಲದಲ್ಲಿರುವ ಬ್ಯುಟೇನ್ ಅಣುವಿನ ತುದಿಯ ಒಂದು ಜಲಜನಕವನ್ನು ತೆಗೆದು ಆ ಜಾಗಕ್ಕೆ ಲಿಥಿಯಂ ಬಂದಂತೆ ಇದರ ರಚನೆ. ಅಣುತೂಕ 64.06. ದ್ರಾವಕ ಸೇರಿಸದಿದ್ದರೆ ಇದು ಬಣ್ಣವಿಲ್ಲದ ದ್ರವ; ಮೈನಸ್ 76 ಡಿಗ್ರಿ ಸೆಲ್ಸಿಯಸ್‌ನಲ್ಲಷ್ಟೇ ಗಟ್ಟಿಯಾಗುತ್ತದೆ. ದ್ರಾವಕವಿಲ್ಲದ ಆ ರೂಪದಲ್ಲಿ ಅದನ್ನು ಬಳಸುವವರು ಕಡಿಮೆ. ಮಾರುಕಟ್ಟೆಯಲ್ಲಿ ಸಿಗುವುದು ಹೆಕ್ಸೇನ್‌ನಲ್ಲಿ ಕರಗಿಸಿದ ತಿಳಿಹಳದಿ ದ್ರಾವಣ: ಲೀಟರಿಗೆ 1.6 ಮೋಲ್ ಇರುವುದು, ಅಂದರೆ ತೂಕದಲ್ಲಿ ಸುಮಾರು ಶೇ 15, ಇಲ್ಲವೇ 2.5 ಮೋಲ್ ಇರುವುದು, ಅಂದರೆ ಸುಮಾರು ಶೇ 23. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದ ಮೇಲೆ ಸಿಗುವ ಬೊಮ್ಮಸಂದ್ರ ಮತ್ತು ಜಿಗಣಿಯ ಲ್ಯಾಬುಗಳಲ್ಲಿ ಕೆಲಸ ಮಾಡುವವರ ಬಾಯಲ್ಲಿ ಇದು ‘ಎನ್-ಬ್ಯುಲಿ’. ಔಷಧ ಸಂಶೋಧನೆಯ ರಸಾಯನಶಾಸ್ತ್ರ ಈ ಪ್ರದೇಶಕ್ಕೆ ಬಂದ ಮೂರು ದಶಕಗಳ ಕತೆಯನ್ನು ಈ ಒಂದು ಸಂಯುಕ್ತದ ಜಾಡು ಹಿಡಿದು ಹೇಳಬಹುದು.

ಈ ಸಂಯುಕ್ತದ ಗುಣಗಳೆಲ್ಲ ಇಂಗಾಲ ಮತ್ತು ಲಿಥಿಯಂ ನಡುವಿನ ಬಂಧದಿಂದ ಹುಟ್ಟುತ್ತವೆ. ಲಿಥಿಯಂಗೆ ಎಲೆಕ್ಟ್ರಾನುಗಳ ಮೇಲೆ ಹಿಡಿತ ತೀರ ಕಡಿಮೆ. ಹಾಗಾಗಿ ಬಂಧದ ಎಲೆಕ್ಟ್ರಾನುಗಳು ಇಂಗಾಲದ ಕಡೆಗೇ ವಾಲುತ್ತವೆ. ಇಂಗಾಲ ಹೆಚ್ಚುಕಡಿಮೆ ಋಣವಿದ್ಯುತ್ ಹೊತ್ತ ಪರಮಾಣುವಿನಂತೆ ವರ್ತಿಸುತ್ತದೆ. ಅಂಥ ಇಂಗಾಲ ಎರಡು ಕೆಲಸ ಮಾಡಬಲ್ಲದು. ಎದುರಿಗೆ ಬಂದ ಅಣುವಿನಿಂದ ಜಲಜನಕವನ್ನು ಪ್ರೋಟಾನಾಗಿ ಕಿತ್ತುಕೊಳ್ಳಬಲ್ಲದು. ಅಥವಾ ಎಲೆಕ್ಟ್ರಾನ್ ಕೊರತೆಯಿರುವ ಇನ್ನೊಂದು ಇಂಗಾಲಕ್ಕೆ ತಾನೇ ಹೋಗಿ ಅಂಟಿಕೊಳ್ಳಬಲ್ಲದು. ಮೊದಲನೆಯ ಗುಣದಿಂದ ಬ್ಯುಟೈಲ್ ಲಿಥಿಯಂ ಅತ್ಯಂತ ಪ್ರಬಲ ಪ್ರತ್ಯಾಮ್ಲ. ಆಮ್ಲತೆಯನ್ನು ಅಳೆಯುವ ಪಿಕೆಎ ಮಾಪನದಲ್ಲಿ ನೀರು ಸುಮಾರು 16ರಲ್ಲಿದ್ದರೆ ಬ್ಯುಟೇನ್ 50ರ ಆಸುಪಾಸಿನಲ್ಲಿದೆ. ಪ್ರತಿ ಅಂಕಕ್ಕೆ ಹತ್ತು ಪಟ್ಟು ವ್ಯತ್ಯಾಸವೆಂದು ಲೆಕ್ಕ ಹಾಕಿದರೆ, ನೀರಿನ ಒಂದು ಅಣು ಸಿಕ್ಕಿತೆಂದರೆ ಬ್ಯುಟೈಲ್ ಲಿಥಿಯಂ ಅದರ ಪ್ರೋಟಾನನ್ನು ಬಿಡುವ ಮಾತೇ ಇಲ್ಲ. ಎರಡನೆಯ ಗುಣದಿಂದ ಅದು ಇಂಗಾಲ-ಇಂಗಾಲ ಬಂಧಗಳನ್ನು ಕಟ್ಟುವ ಸಾಧನ. ಔಷಧದ ಅಣುಗಳ ಬೆನ್ನೆಲುಬು ಇಂಗಾಲದ ಸರಪಳಿ ಮತ್ತು ಉಂಗುರಗಳು. ಹೊಸ ಅಣು ಕಟ್ಟುವವರಿಗೆ ಇಂಥ ಬಂಧಗಳನ್ನು ಬೇಕಾದ ಕಡೆ ಬೆಸೆಯುವುದೇ ದೊಡ್ಡ ಕೆಲಸ.

ನೀರಿನೊಂದಿಗೆ ಬ್ಯುಟೈಲ್ ಲಿಥಿಯಂ ವರ್ತಿಸಿದರೆ ಬ್ಯುಟೇನ್ ಅನಿಲ ಮತ್ತು ಲಿಥಿಯಂ ಹೈಡ್ರಾಕ್ಸೈಡ್ ಉಂಟಾಗುತ್ತವೆ, ಜೊತೆಗೆ ಅಪಾರ ಶಾಖ. 1.6 ಮೋಲಾರ್ ದ್ರಾವಣದ ಒಂದು ಲೀಟರಿನಲ್ಲಿರುವುದು ಸುಮಾರು 102 ಗ್ರಾಂ ಬ್ಯುಟೈಲ್ ಲಿಥಿಯಂ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ, ಗಾಳಿಯ ಒತ್ತಡ ತುಸು ಕಡಿಮೆಯಿರುವ ಬೆಂಗಳೂರಿನಲ್ಲಿ ಅದು ಪೂರ್ತಿ ನೀರಿಗೆ ಸಿಕ್ಕರೆ ನಲವತ್ತು ಲೀಟರಿಗೂ ಹೆಚ್ಚು ಬ್ಯುಟೇನ್ ಬಿಡುಗಡೆಯಾಗುತ್ತದೆ. ಆ ಅನಿಲಕ್ಕೂ ಸುತ್ತಲಿನ ಹೆಕ್ಸೇನ್‌ಗೂ ಬೆಂಕಿ ತಗಲಲು ಪ್ರತಿಕ್ರಿಯೆಯ ಶಾಖವೇ ಸಾಕಾಗಬಹುದು. ಗಾಳಿಯ ಆಮ್ಲಜನಕ ಮತ್ತು ತೇವ ತಾಕಿದರೂ ಅಷ್ಟೇ: ಸಾಂದ್ರ ದ್ರಾವಣ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಲಿಥಿಯಂ ಇರುವುದರಿಂದ ಜ್ವಾಲೆಗೆ ಕಡುಗೆಂಪು ಛಾಯೆ. ಇಂಗಾಲದ ಡೈಆಕ್ಸೈಡನ್ನೂ ಅದು ಬಿಡುವುದಿಲ್ಲ, ಅದರೊಂದಿಗೆ ಸೇರಿ ಐದು ಇಂಗಾಲಗಳ ಪೆಂಟನೋಯಿಕ್ ಆಮ್ಲದ ಲವಣವಾಗುತ್ತದೆ. ಈ ಕಾರಣಕ್ಕೆ ಬ್ಯುಟೈಲ್ ಲಿಥಿಯಂ ಬೆಂಕಿಗೆ ನೀರಾಗಲಿ ಇಂಗಾಲದ ಡೈಆಕ್ಸೈಡ್ ತುಂಬಿದ ಅಗ್ನಿಶಾಮಕವಾಗಲಿ ಸಲ್ಲದು. ಒಣ ಪುಡಿ ಅಥವಾ ಒಣ ಮರಳು ಬೇಕು.

ಅಣುಗಳು ಒಂಟಿಯಾಗಿ ಇರದಿರುವುದು ಇದರ ಇನ್ನೊಂದು ವಿಶೇಷ. ಹೆಕ್ಸೇನ್‌ನಲ್ಲಿ ಆರಾರು ಅಣುಗಳು ಗುಂಪುಗೂಡಿರುತ್ತವೆ. ಈಥರ್ ಅಥವಾ ಟೆಟ್ರಾಹೈಡ್ರೋಫ್ಯೂರಾನ್, ಅಂದರೆ ಲ್ಯಾಬಿನ ಮಾತಿನ ಟಿಎಚ್‌ಎಫ್, ಸೇರಿಸಿದರೆ ಅದರ ಆಮ್ಲಜನಕ ಲಿಥಿಯಂಗೆ ಅಂಟಿಕೊಂಡು ಗುಂಪುಗಳು ಒಡೆದು ನಾಲ್ಕು ಅಥವಾ ಇನ್ನೂ ಕಡಿಮೆ ಅಣುಗಳ ಕೂಟವಾಗುತ್ತವೆ. ಗುಂಪು ಚಿಕ್ಕದಾದಷ್ಟೂ ಚುರುಕು ಹೆಚ್ಚು. ಆದರೆ ಚುರುಕಿಗೆ ಬೆಲೆಯೂ ಇದೆ. ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಬ್ಯುಟೈಲ್ ಲಿಥಿಯಂ ತಾನು ಕರಗಿದ ಟಿಎಚ್‌ಎಫ್‌ನ ಮೇಲೇ ಎರಗಿ, ಕೆಲವೇ ಗಂಟೆಗಳಲ್ಲಿ ಅದನ್ನು ಒಡೆದು ತಾನೂ ಕಳೆದುಹೋಗುತ್ತದೆ. ಆದ್ದರಿಂದಲೇ ಪ್ರತಿಕ್ರಿಯೆಗಳನ್ನು ಬಹುಪಾಲು ಮೈನಸ್ 78 ಡಿಗ್ರಿಯಲ್ಲಿ, ಒಣ ಮಂಜುಗಡ್ಡೆ ಮತ್ತು ಅಸಿಟೋನ್ ತುಂಬಿದ ತೊಟ್ಟಿಯಲ್ಲಿ ನಡೆಸುತ್ತಾರೆ. ಬಾಟಲಿಯಲ್ಲಿ ಸುಮ್ಮನೆ ಇಟ್ಟಿದ್ದರೂ ಅದು ನಿಧಾನಕ್ಕೆ ಬ್ಯುಟೀನ್ ಮತ್ತು ಲಿಥಿಯಂ ಹೈಡ್ರೈಡ್ ಆಗಿ ಒಡೆಯುತ್ತದೆ. ತಂಪಿನಲ್ಲಿ ಇಟ್ಟರೆ ಹೆಚ್ಚು ಬಾಳುತ್ತದೆ.

ಲಿಥಿಯಂ ಧಾತುವನ್ನು 1817ರಲ್ಲಿ ಸ್ವೀಡನ್ನಿನ ಯೊಹಾನ್ ಆಗಸ್ಟ್ ಆರ್ಫ್‌ವೆಡ್ಸನ್ ಪೆಟಲೈಟ್ ಎಂಬ ಕಲ್ಲಿನಲ್ಲಿ ಗುರುತಿಸಿದ. ಸರಿಯಾಗಿ ನೂರು ವರ್ಷಗಳ ನಂತರ, 1917ರಲ್ಲಿ, ಜರ್ಮನ್ ವಿಜ್ಞಾನಿ ವಿಲ್ಹೆಲ್ಮ್ ಶ್ಲೆಂಕ್ ತನ್ನ ಸಹೋದ್ಯೋಗಿ ಹೋಲ್ಟ್ಸ್ ಜೊತೆಗೂಡಿ ಇಂಗಾಲ-ಲಿಥಿಯಂ ಬಂಧವಿರುವ ಮೊದಲ ಸಂಯುಕ್ತಗಳನ್ನು ಪ್ರಕಟಿಸಿದ. ಪಾದರಸದ ಸಾವಯವ ಸಂಯುಕ್ತಗಳಿಂದ ಪಾದರಸವನ್ನು ಹೊರದೂಡಿ ಲಿಥಿಯಂ ಸೇರಿಸುವುದು ಅವನ ವಿಧಾನ. ಗಾಳಿಗೆ ಒಡ್ಡಿದರೆ ಉರಿದುಹೋಗುವ ವಸ್ತುಗಳನ್ನು ನಿಭಾಯಿಸಲು ಶ್ಲೆಂಕ್ ತಾನೇ ಗಾಜಿನ ಉಪಕರಣ ರೂಪಿಸಿಕೊಂಡ. ಒಂದು ನಳಿಕೆಯಲ್ಲಿ ನಿರ್ವಾತ, ಇನ್ನೊಂದರಲ್ಲಿ ಶುದ್ಧ ಸಾರಜನಕ ಅಥವಾ ಆರ್ಗಾನ್ ಹರಿಯುವ ಜೋಡಿ ನಳಿಕೆಗೆ ಇಂದೂ ಜಗತ್ತಿನಾದ್ಯಂತ ‘ಶ್ಲೆಂಕ್ ಲೈನ್’ ಎಂದೇ ಹೆಸರು. ಬೊಮ್ಮಸಂದ್ರದ ಫ್ಯೂಮ್ ಹುಡ್‌ಗಳಲ್ಲಿ, ಅಂದರೆ ಹೊಗೆ ಹೊರಹಾಕುವ ಗಾಜಿನ ಗೂಡುಗಳಲ್ಲಿ, ಪ್ರತಿದಿನ ಬಳಕೆಯಾಗುವ ಪರಿಕರಗಳಲ್ಲಿ ಅತ್ಯಂತ ಹಳೆಯ ವಂಶದವುಗಳಲ್ಲಿ ಇದೊಂದು.

ಪಾದರಸದ ದಾರಿ ವಿಷಕಾರಿ, ದುಬಾರಿ. 1930ರಲ್ಲಿ ಕಾರ್ಲ್ ಝೀಗ್ಲರ್ ಲಿಥಿಯಂ ಲೋಹವನ್ನು ನೇರವಾಗಿ ಬ್ಯುಟೈಲ್ ಕ್ಲೋರೈಡಿನಂಥ ಹ್ಯಾಲೈಡಿನೊಂದಿಗೆ ಸೇರಿಸಿ ಅದೇ ಫಲ ಪಡೆದ. ಇಂದಿಗೂ ಕಾರ್ಖಾನೆಗಳಲ್ಲಿ ನಡೆಯುವುದು ಈ ವಿಧಾನವೇ. ಎರಡು ಲಿಥಿಯಂ ಪರಮಾಣುಗಳಲ್ಲಿ ಒಂದು ಬ್ಯುಟೈಲ್ ಗುಂಪಿಗೆ ಸೇರುತ್ತದೆ, ಇನ್ನೊಂದು ಲಿಥಿಯಂ ಕ್ಲೋರೈಡ್ ಆಗಿ ತಳ ಸೇರುತ್ತದೆ. ಲಿಥಿಯಂ ಲೋಹ ಸಾರಜನಕದೊಂದಿಗೂ ವರ್ತಿಸುವುದರಿಂದ ಈ ಹಂತಕ್ಕೆ ಆರ್ಗಾನ್ ಬೇಕು. ಮುಂದಿನ ಹತ್ತು ವರ್ಷಗಳಲ್ಲಿ ಅಮೆರಿಕದ ಐಯೋವಾದಲ್ಲಿ ಹೆನ್ರಿ ಗಿಲ್ಮನ್, ಜರ್ಮನಿಯಲ್ಲಿ ಗೇಯೋರ್ಗ್ ವಿಟಿಗ್ ಬೇರೆ ಬೇರೆಯಾಗಿ ಕೆಲಸ ಮಾಡಿ, ಒಂದು ಅಣುವಿನ ಬ್ರೋಮೀನನ್ನು ಬ್ಯುಟೈಲ್ ಲಿಥಿಯಂನ ಲಿಥಿಯಂನೊಂದಿಗೆ ಅದಲುಬದಲು ಮಾಡಬಹುದೆಂದು ತೋರಿಸಿದರು. ಬೇಕಾದ ಜಾಗದಲ್ಲಿ ಲಿಥಿಯಂ ಕೂರಿಸಿ, ಅಲ್ಲಿಂದ ಹೊಸ ಬಂಧ ಕಟ್ಟುವ ದಾರಿ ಹೀಗೆ ತೆರೆಯಿತು. ಝೀಗ್ಲರ್‌ಗೆ 1963ರಲ್ಲಿ, ವಿಟಿಗ್‌ಗೆ 1979ರಲ್ಲಿ ನೊಬೆಲ್ ಬಂದದ್ದು ಬೇರೆ ಕೆಲಸಗಳಿಗೆ. ಆದರೂ ವಿಟಿಗ್ ಪ್ರತಿಕ್ರಿಯೆಯನ್ನು ನಡೆಸಲು ಅನೇಕ ಸಲ ಬೇಕಾಗುವ ಪ್ರತ್ಯಾಮ್ಲ ಬ್ಯುಟೈಲ್ ಲಿಥಿಯಮ್ಮೇ.

ಟನ್ನುಗಟ್ಟಲೆ ಬೇಡಿಕೆ ಬಂದದ್ದು ಔಷಧದಿಂದಲ್ಲ, ರಬ್ಬರಿನಿಂದ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಲಿಥಿಯಂ ಬಳಸಿ ಸ್ವಾಭಾವಿಕ ರಬ್ಬರಿನಂಥದೇ ಪಾಲಿಐಸೊಪ್ರೀನ್ ತಯಾರಿಸಿತು. ಬ್ಯುಟಡೈಯೀನ್, ಸ್ಟೈರೀನ್ ಅಣುಗಳನ್ನು ಪೋಣಿಸುವ ಸರಪಳಿಗೆ ಬ್ಯುಟೈಲ್ ಲಿಥಿಯಂ ಮೊದಲ ಕೊಂಡಿಯಾಗುತ್ತದೆ. ಇಂದು ಟೈರುಗಳಲ್ಲಿರುವ ಒಂದು ಬಗೆಯ ರಬ್ಬರಿನಲ್ಲಿ, ಪಾದರಕ್ಷೆಯ ಅಟ್ಟೆಯಲ್ಲಿ, ಹೆದ್ದಾರಿಗಳ ಡಾಂಬರಿಗೆ ಬೆರೆಸುವ ಪಾಲಿಮರಿನಲ್ಲಿ ಅದರ ಪಾಲಿದೆ. ರಬ್ಬರಿಗಾಗಿ ದೊಡ್ಡ ಕಾರ್ಖಾನೆಗಳು ನಿಂತದ್ದರಿಂದಲೇ ಔಷಧದವರಿಗೂ ಅದು ಕೊಳ್ಳಬಹುದಾದ ಬೆಲೆಗೆ ಸಿಕ್ಕಿತು.

ಇದೆಲ್ಲ ನಡೆಯುವಾಗ ಬೆಂಗಳೂರು ರಾಸಾಯನಿಕಗಳ ಊರಾಗಿರಲಿಲ್ಲ. 1909ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಮೊದಲಿನಿಂದಲೂ ಇತ್ತು. ಆದರೆ ಊರಿನ ಕೈಗಾರಿಕೆ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಎಂಬ ಸಾರ್ವಜನಿಕ ಉದ್ದಿಮೆಗಳ ಸುತ್ತ, ಲೋಹ ಮತ್ತು ವಿದ್ಯುನ್ಮಾನದ ಸುತ್ತ ಬೆಳೆಯಿತು. ಹೊರವಲಯದ ಮೂರು ಪಟ್ಟಿಗಳೂ ಇದೇ ಜಾಯಮಾನದವು. ವಾಯವ್ಯದ ಪೀಣ್ಯ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗಿ ಬೆಳೆದು ಲೇತ್, ಎರಕ, ಯಂತ್ರಭಾಗಗಳ ಸಣ್ಣ ಕಾರ್ಖಾನೆಗಳಿಂದ ತುಂಬಿತು. ದಕ್ಷಿಣದಲ್ಲಿ 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿತು. ಅದರ ಹಿಂದಿನ ಕನಸು ಸಂಸ್ಥೆಯ ಆಗಿನ ಮುಖ್ಯಸ್ಥ ಆರ್. ಕೆ. ಬಾಳಿಗರದು. ಪೂರ್ವದ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ನೆಲೆಯಾಗಿ ಆರಂಭವಾಗಿ, 1990ರ ದಶಕದಲ್ಲಿ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕ್ ಬಂದ ಮೇಲೆ ತಂತ್ರಾಂಶದ ಊರಾಯಿತು. ದೊಡ್ಡ ಪ್ರಮಾಣದ ಔಷಧ ತಯಾರಿಕೆ ಬೆಳೆದದ್ದು ಹೈದರಾಬಾದಿನ ಸುತ್ತ. ಅಲ್ಲಿ ಸಾರ್ವಜನಿಕ ವಲಯದ ಐಡಿಪಿಎಲ್ ಕಾರ್ಖಾನೆ ರಸಾಯನಶಾಸ್ತ್ರಜ್ಞರ ಒಂದು ಪೀಳಿಗೆಯನ್ನೇ ಬೆಳೆಸಿತ್ತು. ಬೆಂಗಳೂರಿಗೆ ಅಂಥ ತಾಯಿಬೇರು ಇರಲಿಲ್ಲ.

ಇಲ್ಲಿ ರಾಸಾಯನಿಕ ಉದ್ದಿಮೆ ಹಿಂಬಾಗಿಲಿನಿಂದ ಬಂತು ಎನ್ನಬೇಕು. 1978ರ ನವೆಂಬರ್‌ನಲ್ಲಿ ಕಿರಣ್ ಮಜುಂದಾರ್ 10,000 ರೂಪಾಯಿ ಬಂಡವಾಳದಲ್ಲಿ ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಬಯೋಕಾನ್ ಆರಂಭಿಸಿದರು. ಪರಂಗಿಹಣ್ಣಿನ ಹಾಲಿನಿಂದ ಪಪಾಯಿನ್ ಕಿಣ್ವ, ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸ್: ಮೊದಲ ಸರಕುಗಳು ಇವು. ಇವಕ್ಕೂ ಮೈನಸ್ 78 ಡಿಗ್ರಿಗೂ ಯಾವ ನಂಟೂ ಇಲ್ಲ. ಕಿಣ್ವಗಳು ನೀರಿನಲ್ಲಿ ಬದುಕುವಂಥವು. ಬ್ಯುಟೈಲ್ ಲಿಥಿಯಂ ನೀರಿನ ಕಡುವೈರಿ. ಆದರೆ ಕಿಣ್ವದ ಕೆಲಸದಿಂದ ಕಂಪನಿಗೆ ಹೊಸೂರು ರಸ್ತೆಯಲ್ಲಿ ಜಾಗ, ವಿದೇಶಿ ಗ್ರಾಹಕರ ಪರಿಚಯ, ಸಂಶೋಧನೆಯ ರೂಢಿ ಸಿಕ್ಕವು. 1993ರಲ್ಲಿ ಅದೇ ಸಮೂಹ ಸಿಂಜೀನ್ ಎಂಬ ಇನ್ನೊಂದು ಕಂಪನಿ ಸ್ಥಾಪಿಸಿತು. ತನ್ನದೇ ಔಷಧ ಮಾರುವ ಉದ್ದೇಶ ಅದಕ್ಕಿರಲಿಲ್ಲ; ವಿದೇಶಿ ಔಷಧ ಕಂಪನಿಗಳಿಗೆ ಬೇಕಾದ ಸಂಶೋಧನೆಯನ್ನು ಗುತ್ತಿಗೆಯ ಮೇಲೆ ಮಾಡಿಕೊಡುವುದೇ ಅದರ ವ್ಯವಹಾರ. ದೇಶದ ಅಂಥ ಕಂಪನಿಗಳಲ್ಲಿ ಅದು ಮೊದಮೊದಲಿನದು. ಬ್ಯುಟೈಲ್ ಲಿಥಿಯಂನಂಥ ಕಾರಕಗಳು ಹೊಸೂರು ರಸ್ತೆಯ ದಿನಬಳಕೆಯ ವಸ್ತುಗಳಾದದ್ದು ಈ ಗುತ್ತಿಗೆ ಸಂಶೋಧನೆ ಬೆಳೆದಂತೆ.

ಆ ಕಾಲದ ಕಾನೂನು ಬದಲಾವಣೆಯನ್ನು ಇಲ್ಲಿ ನೆನೆಯಲೇಬೇಕು. 1970ರ ಪೇಟೆಂಟ್ ಕಾಯ್ದೆ ಔಷಧದ ಅಣುವಿಗೆ ಪೇಟೆಂಟ್ ಕೊಡುತ್ತಿರಲಿಲ್ಲ, ತಯಾರಿಸುವ ವಿಧಾನಕ್ಕಷ್ಟೇ ಕೊಡುತ್ತಿತ್ತು. ಹಾಗಾಗಿ ಭಾರತದ ರಸಾಯನಶಾಸ್ತ್ರಜ್ಞರು ಒಂದೇ ಅಣುವಿಗೆ ಬೇರೆ ದಾರಿ ಹುಡುಕುವುದರಲ್ಲಿ ಪಳಗಿದರು. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದ ಜಾರಿಗೆ ಬಂತು. 2005ರ ಜನವರಿ 1ರಿಂದ ಅಣುವಿಗೇ ಪೇಟೆಂಟ್ ಕೊಡುವ ವ್ಯವಸ್ಥೆ ಆರಂಭವಾಯಿತು. ತಮ್ಮ ಗುಟ್ಟುಗಳು ಭದ್ರವೆಂದು ವಿದೇಶಿ ಕಂಪನಿಗಳಿಗೆ ಭರವಸೆ ಬಂದದ್ದು ಆಗಲೇ. ಹೊಸ ಔಷಧಕ್ಕಾಗಿ ನೂರಾರು ಅಣುಗಳನ್ನು ಕೆಲವು ಮಿಲಿಗ್ರಾಂ ಲೆಕ್ಕದಲ್ಲಿ ಮಾಡಿ ಪರೀಕ್ಷಿಸಬೇಕಾದಾಗ, ಎಂ.ಎಸ್ಸಿ. ಮುಗಿಸಿದ ನುರಿತ ಕೈಗಳು ಕಡಿಮೆ ವೆಚ್ಚದಲ್ಲಿ ಸಿಗುವ ಊರನ್ನು ಅವು ಹುಡುಕಿದವು. ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿ, ಶಂಕರಘಟ್ಟದ ವಿಶ್ವವಿದ್ಯಾಲಯಗಳಿಂದ ಹೊರಬಂದ ರಸಾಯನಶಾಸ್ತ್ರದ ಪದವೀಧರರಿಗೆ ಹೊಸೂರು ರಸ್ತೆ ಹೊಸ ವಿಳಾಸವಾಯಿತು. ಸಾಫ್ಟ್‌ವೇರ್‌ನವರನ್ನು ಹೊತ್ತೊಯ್ಯುವ ಕಂಪನಿ ಬಸ್ಸುಗಳ ನಡುವೆಯೇ ಇವರನ್ನು ಒಯ್ಯುವ ಬಸ್ಸುಗಳೂ ರೇಷ್ಮೆ ಮಂಡಳಿ ಜಂಕ್ಷನ್ ದಾಟಿ ಹೋಗತೊಡಗಿದವು.

ಮುಂದಿನ ಬೆಳವಣಿಗೆ ವೇಗವಾಗಿ ನಡೆಯಿತು. ಡಾ. ರೆಡ್ಡೀಸ್ ಸಮೂಹದ ಆರಿಜೀನ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆಯೂರಿತು. ಪೀಣ್ಯದಲ್ಲಿ ಟಾಟಾ ಸಮೂಹದ ರಾಲಿಸ್ ಕಂಪನಿಯ ಸಂಶೋಧನಾ ಕೇಂದ್ರವಿತ್ತು. 2005ರಲ್ಲಿ ಟಾಟಾ ಬೆಂಬಲದಿಂದ ಹುಟ್ಟಿದ ಅಡ್ವಿನಸ್ ಪೀಣ್ಯವನ್ನು ತನ್ನ ನೆಲೆಯಾಗಿಸಿಕೊಂಡಿತು, 2017ರಲ್ಲಿ ಯುರೋಪಿನ ಯೂರೋಫಿನ್ಸ್ ಅದನ್ನು ಕೊಂಡಿತು. ಬೊಮ್ಮಸಂದ್ರದಲ್ಲಿ 2006ರಲ್ಲಿ ಆಂಥೆಮ್ ಬಯೋಸೈನ್ಸಸ್ ಆರಂಭವಾಯಿತು. ಅಮೆರಿಕದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್‌ಗಾಗಿಯೇ ಮೀಸಲಾದ ಸಂಶೋಧನಾ ಕೇಂದ್ರ 2009ರಲ್ಲಿ ಸಿಂಜೀನ್ ಆವರಣದಲ್ಲಿ ತೆರೆಯಿತು. ಇವರೆಲ್ಲರಿಗೂ ಬೇಕಾದ ಸೂಕ್ಷ್ಮ ರಾಸಾಯನಿಕಗಳನ್ನು ಒದಗಿಸುವ ಸಿಗ್ಮಾ-ಆಲ್ಡ್ರಿಚ್ ಕಂಪನಿಯ ಭಾರತೀಯ ನೆಲೆಯೂ ಬೊಮ್ಮಸಂದ್ರ-ಜಿಗಣಿ ಲಿಂಕ್ ರಸ್ತೆಯಲ್ಲೇ ಇತ್ತು; 2015ರಲ್ಲಿ ಜರ್ಮನಿಯ ಮರ್ಕ್ ಅದನ್ನು ತನ್ನದಾಗಿಸಿಕೊಂಡಿತು. ಪಾಪಾಸುಕಳ್ಳಿ ಬೇಲಿ, ರಾಗಿ ಹೊಲ, ನೀಲಗಿರಿ ತೋಪುಗಳಿದ್ದ ಆನೇಕಲ್ ತಾಲ್ಲೂಕಿನ ಈ ಭಾಗ ಹದಿನೈದು ವರ್ಷಗಳ ಒಳಗೆ ಇಷ್ಟೊಂದು ಸಾವಯವ ರಸಾಯನಶಾಸ್ತ್ರಜ್ಞರು ಒಟ್ಟಿಗೆ ಕೆಲಸ ಮಾಡುವ ಜಾಗವಾದದ್ದು ಸಣ್ಣ ಸಂಗತಿಯಲ್ಲ.

ಈ ಕಸುಬಿನ ನಿಜವಾದ ಹದ ತಿಳಿಯಬೇಕಾದರೆ ಫ್ಯೂಮ್ ಹುಡ್ ಒಳಗಿನ ಒಂದು ಬ್ಯುಟೈಲ್ ಲಿಥಿಯಂ ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ಕೆಲಸ ಹಿಂದಿನ ರಾತ್ರಿಯೇ ಆರಂಭ. ಗಾಜಿನ ದುಂಡು ಫ್ಲಾಸ್ಕು, ಸಿರಿಂಜು, ಉದ್ದನೆಯ ಉಕ್ಕಿನ ಸೂಜಿ ಎಲ್ಲವೂ ಬಿಸಿ ಓವನ್ನಿನಲ್ಲಿ ಒಣಗುತ್ತವೆ. ಗಾಜಿನ ಮೈಗೆ ಅಂಟಿದ, ಕಣ್ಣಿಗೆ ಕಾಣದ ತೇವವೂ ಸಣ್ಣ ಪ್ರಮಾಣದ ಪ್ರಯೋಗವನ್ನು ಕೆಡಿಸಬಲ್ಲದು, ಮಳೆಗಾಲದಲ್ಲಂತೂ ಇನ್ನೂ ಹೆಚ್ಚು. ಟಿಎಚ್‌ಎಫ್‌ನಲ್ಲಿ ನೀರಿಲ್ಲವೆಂದು ಖಾತ್ರಿ ಮಾಡಿಕೊಳ್ಳುವ ಹಳೆಯ ಪದ್ಧತಿಯಲ್ಲಿ ಅದನ್ನು ಸೋಡಿಯಂ ಮತ್ತು ಬೆಂಜೋಫಿನೋನ್ ಜೊತೆ ಕುದಿಸುತ್ತಾರೆ: ದ್ರವ ಕಡುನೀಲಿಗೆ ತಿರುಗಿ ನಿಂತರೆ ಒಣಗಿದೆ ಎಂದರ್ಥ. ಫ್ಲಾಸ್ಕಿನ ಗಾಳಿಯನ್ನು ಎಳೆದು ಸಾರಜನಕ ತುಂಬುವುದನ್ನು ಮೂರು ಸಲ ಮಾಡುತ್ತಾರೆ. ಆಮೇಲೆ ಥರ್ಮಾಕೋಲ್ ಅಥವಾ ಉಕ್ಕಿನ ತೊಟ್ಟಿಗೆ ಅಸಿಟೋನ್ ಸುರಿದು ಒಣ ಮಂಜುಗಡ್ಡೆಯ ಚೂರುಗಳನ್ನು ಹಾಕುತ್ತ ಬರುತ್ತಾರೆ. ಬಿಳಿ ಹೊಗೆ ಹುಡ್ ತುಂಬಿ, ಉಷ್ಣಮಾಪಕ ಮೈನಸ್ 70ರ ಕೆಳಗೆ ಇಳಿಯುವವರೆಗೆ ಯಾರೂ ಬಾಟಲಿ ಮುಟ್ಟುವುದಿಲ್ಲ.

ಬಾಟಲಿಯ ಬಾಯಿಗೆ ರಬ್ಬರಿನ ಪದರ ಇರುವ ಲೋಹದ ಮುಚ್ಚಳ. ಅದರ ಮೂಲಕ ಮೊದಲು ಸಾರಜನಕದ ಸೂಜಿ, ಆಮೇಲೆ ಸಿರಿಂಜಿನ ಸೂಜಿ ಒಳಗೆ ಹೋಗುತ್ತದೆ. ಒಳಗಿನ ಸಾರಜನಕದ ಒತ್ತಡವೇ ದ್ರಾವಣವನ್ನು ಸಿರಿಂಜಿಗೆ ಮೆಲ್ಲಗೆ ತಳ್ಳಬೇಕು. ಹಿಡಿಯನ್ನು ಎಳೆದರೆ ಗುಳ್ಳೆ ಬರುತ್ತದೆ, ಅಳತೆ ತಪ್ಪುತ್ತದೆ. ಸಿರಿಂಜು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಬಾಟಲಿಯಿಂದ ಸೂಜಿ ಹೊರತೆಗೆಯುವ ಮುನ್ನ ತುದಿಯಲ್ಲಿ ಒಂದಿಷ್ಟು ಸಾರಜನಕ ಎಳೆದುಕೊಂಡರೆ ತುದಿಯ ಹನಿ ಗಾಳಿಗೆ ಸಿಕ್ಕಿ ಮಿಂಚುವುದು ತಪ್ಪುತ್ತದೆ. ಫ್ಲಾಸ್ಕಿಗೆ ಹನಿಹನಿಯಾಗಿ, ಒಳಗಿನ ಉಷ್ಣತೆ ಏರದಂತೆ ಬಿಡಬೇಕು. ಬಣ್ಣ ಬದಲಾಗುವುದನ್ನು ನೋಡುತ್ತಲೇ ಅನುಭವಿಗಳು ಪ್ರತಿಕ್ರಿಯೆಯ ಆರೋಗ್ಯ ಹೇಳುತ್ತಾರೆ. ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಎರಡನೆಯ ಅಣುವನ್ನು ಸೇರಿಸಿ, ಕೊನೆಗೆ ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ‘ಕ್ವೆಂಚ್’ ಮಾಡುತ್ತಾರೆ, ಅಂದರೆ ಪ್ರತಿಕ್ರಿಯೆಯನ್ನು ನಿಲ್ಲಿಸುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ: ಸಿರಿಂಜನ್ನೂ ಸೂಜಿಯನ್ನೂ ಕೂಡಲೇ ಹೆಕ್ಸೇನ್‌ನಲ್ಲಿ ತೊಳೆದು, ಆ ತೊಳೆದ ದ್ರವವನ್ನು ತಂಪಿನಲ್ಲಿ ಐಸೊಪ್ರೊಪನಾಲ್ ಹನಿಸಿ ನಿಷ್ಕ್ರಿಯಗೊಳಿಸಬೇಕು. ಅನೇಕ ಲ್ಯಾಬುಗಳಲ್ಲಿ ಬೆಂಕಿ ಹತ್ತುವುದು ಪ್ರಯೋಗದ ನಡುವೆಯಲ್ಲ, ಮುಗಿಯಿತೆಂದು ಸಡಿಲಾದ ಈ ಹೊತ್ತಿನಲ್ಲೇ.

ಬಾಟಲಿಯ ಮೇಲೆ 1.6 ಎಂದು ಬರೆದಿದ್ದರೂ ಒಳಗೆ ಅಷ್ಟೇ ಇರುತ್ತದೆಂದು ಪಳಗಿದ ಕೆಲಸಗಾರರು ನಂಬುವುದಿಲ್ಲ. ಹಳೆಯ ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಶಕ್ತಿ ಕುಂದಿದೆ ಎಂದರ್ಥ. ಡೈಫಿನೈಲ್ ಅಸಿಟಿಕ್ ಆಮ್ಲದ ತೂಗಿದ ಪುಡಿಯನ್ನು ಟಿಎಚ್‌ಎಫ್‌ನಲ್ಲಿ ಕರಗಿಸಿ ಬ್ಯುಟೈಲ್ ಲಿಥಿಯಂ ಹನಿಸುತ್ತ ಹೋದರೆ, ಆಮ್ಲವೆಲ್ಲ ತೀರಿದ ಮರುಹನಿಗೆ ದ್ರಾವಣ ಹಳದಿಯಾಗುತ್ತದೆ. ಫಿನಾಂತ್ರೊಲೀನ್ ಸೂಚಕ ಬಳಸಿದರೆ ಕಂದುಗೆಂಪು. ಹನಿಸಿದ ಪ್ರಮಾಣದಿಂದ ನಿಜವಾದ ಶಕ್ತಿ ಲೆಕ್ಕಕ್ಕೆ ಸಿಗುತ್ತದೆ. ಈ ‘ಟೈಟರ್’ ನೋಡದೆ ಆರಂಭಿಸಿದ ಪ್ರಯೋಗ ವಿಫಲವಾದರೆ ಕಾರಣ ಹುಡುಕುವುದೇ ಕಷ್ಟ.

ಸಣ್ಣ ಫ್ಲಾಸ್ಕಿನಿಂದ ನೂರಾರು ಲೀಟರಿನ ರಿಯಾಕ್ಟರಿಗೆ ಹೋದಾಗ ಸಮಸ್ಯೆಯ ಸ್ವರೂಪವೇ ಬೇರೆ. ಪಾತ್ರೆ ದೊಡ್ಡದಾದಂತೆ ಶಾಖ ಹೊರಹೋಗುವ ಮೇಲ್ಮೈ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಒಣ ಮಂಜುಗಡ್ಡೆಯ ತೊಟ್ಟಿ ಕೆಲಸಕ್ಕೆ ಬಾರದೆ ದ್ರವ ಸಾರಜನಕದಿಂದ ತಂಪಾಗುವ ಪ್ರತ್ಯೇಕ ಕ್ರಯೋಜೆನಿಕ್ ರಿಯಾಕ್ಟರುಗಳು ಬೇಕಾಗುತ್ತವೆ. ಕೆಲವು ನಿಮಿಷಗಳ ಹನಿಸುವಿಕೆ ಗಂಟೆಗಳಾಗುತ್ತದೆ. ಅಷ್ಟು ಹೊತ್ತು ಬಾಳದ ಮಧ್ಯಂತರ ಅಣುಗಳು ಒಡೆದುಹೋಗುತ್ತವೆ. ಇಷ್ಟಾದರೂ ಈ ಕಷ್ಟವನ್ನು ಔಷಧ ಕಂಪನಿಗಳು ಒಪ್ಪಿಕೊಂಡದ್ದಕ್ಕೆ ಕಾರಣ ಉಂಟು. ಏಡ್ಸ್ ಚಿಕಿತ್ಸೆಯ ಎಫಾವಿರೆಂಜ್‌ಗೆ ಅಮೆರಿಕದ ಮರ್ಕ್ (ಜರ್ಮನಿಯ ಮರ್ಕ್ ಬೇರೆ ಕಂಪನಿ) ರೂಪಿಸಿದ ವಿಧಾನದಲ್ಲಿ ಸೈಕ್ಲೊಪ್ರೊಪೈಲ್ ಅಸಿಟಿಲೀನ್ ತಯಾರಾಗುವುದೂ, ಎಡಗೈ-ಬಲಗೈಗಳಂತೆ ಕನ್ನಡಿ ಬಿಂಬಗಳಾದ ಎರಡು ರೂಪಗಳಲ್ಲಿ ಬೇಕಾದದ್ದೇ ಸಿಗುವಂತೆ ಅದು ಮುಂದಿನ ಅಣುವಿಗೆ ಸೇರುವುದೂ ಬ್ಯುಟೈಲ್ ಲಿಥಿಯಂನಿಂದಲೇ. 2004ರಲ್ಲಿ ಆರಂಭವಾದ ಭಾರತದ ಉಚಿತ ಏಡ್ಸ್ ಚಿಕಿತ್ಸಾ ಕಾರ್ಯಕ್ರಮದಲ್ಲಿ ಬಹುಕಾಲ ಬಳಕೆಯಾದ ಔಷಧ ಇದು. ರಕ್ತದೊತ್ತಡದ ಲೊಸಾರ್ಟನ್‌ಗೆ ಮರ್ಕ್ ಕಂಡುಕೊಂಡ ದಾರಿಯಲ್ಲೂ ಒಂದು ಬೆಂಜೀನ್ ಉಂಗುರದ ನಿರ್ದಿಷ್ಟ ಮೂಲೆಗೆ ಲಿಥಿಯಂ ಕೂರಿಸುವ ಹೆಜ್ಜೆಯಿದೆ. ಶಿಲೀಂಧ್ರದಿಂದ ಹುದುಗಿಸಿ ಪಡೆದ ಲೊವಾಸ್ಟಾಟಿನ್‌ಗೆ ಒಂದೇ ಒಂದು ಮಿಥೈಲ್ ಗುಂಪು ಸೇರಿಸಿ ಸಿಂವಾಸ್ಟಾಟಿನ್ ಮಾಡುವ ಪ್ರಸಿದ್ಧ ವಿಧಾನಕ್ಕೂ ಬ್ಯುಟೈಲ್ ಲಿಥಿಯಂನಿಂದ ಮಾಡಿದ ಪ್ರತ್ಯಾಮ್ಲ ಬೇಕು. ಬಯೋಕಾನ್ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದು ಹೆಸರಾದದ್ದು ಇದೇ ಲೊವಾಸ್ಟಾಟಿನ್ ತಯಾರಿಕೆಯಿಂದ. ಹುದುಗುವಿಕೆಯ ನೀರಿನ ಲೋಕ, ಲಿಥಿಯಂನ ಒಣ ಲೋಕ ಎರಡೂ ಒಂದೇ ಮಾತ್ರೆಯಲ್ಲಿ ಕೂಡಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇತ್ತೀಚೆಗೆ ಕೂದಲೆಳೆಯಷ್ಟು ಸಣ್ಣ ನಳಿಕೆಗಳಲ್ಲಿ ದ್ರಾವಣಗಳನ್ನು ಹರಿಸುತ್ತಲೇ ಬೆರೆಸುವ ‘ಫ್ಲೋ’ ಪದ್ಧತಿ ಬಂದಿದೆ. ಶಾಖ ತಕ್ಷಣ ಹೊರಹೋಗುವುದರಿಂದ ಅತಿಶೈತ್ಯದ ಅಗತ್ಯ ಅಲ್ಲಿ ತಗ್ಗುತ್ತದೆ.

ಅಪಾಯದ ಪಾಠ ಜಗತ್ತಿಗೆ ಕಹಿಯಾಗಿಯೇ ಸಿಕ್ಕಿತು. 2008ರ ಡಿಸೆಂಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಯುವ ಸಂಶೋಧನಾ ಸಹಾಯಕಿಯೊಬ್ಬರು ಬ್ಯುಟೈಲ್ ಲಿಥಿಯಂನ ಇನ್ನೂ ಉಗ್ರ ಸೋದರ ಟರ್ಟ್-ಬ್ಯುಟೈಲ್ ಲಿಥಿಯಂ ಸೆಳೆಯುವಾಗ ಪ್ಲಾಸ್ಟಿಕ್ ಸಿರಿಂಜಿನ ಹಿಡಿ ಕಳಚಿತು. ಮೈಮೇಲೆ ಲ್ಯಾಬ್ ಕೋಟು ಇರಲಿಲ್ಲ. ಬೆಂಕಿ ಬಟ್ಟೆಗೆ ಹತ್ತಿ, ಹದಿನೆಂಟು ದಿನಗಳ ನಂತರ ಅವರು ತೀರಿಕೊಂಡರು. ಲ್ಯಾಬ್ ಸುರಕ್ಷತೆಯ ತರಬೇತಿಗಳಲ್ಲಿ ಈ ಘಟನೆಯನ್ನು ಜಗತ್ತಿನಾದ್ಯಂತ ಪಾಠವಾಗಿ ಹೇಳುತ್ತಾರೆ. ಭಾರತದಲ್ಲಿ ಭೋಪಾಲ್ ದುರಂತದ ನಂತರ 1987ರಲ್ಲಿ ತಿದ್ದುಪಡಿಯಾದ ಕಾರ್ಖಾನೆ ಕಾಯ್ದೆ, 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಇಂಥ ಕೆಲಸಕ್ಕೆ ಚೌಕಟ್ಟು ಹಾಕಿದವು. ಸಾಗಣೆಯಲ್ಲಿ ಬ್ಯುಟೈಲ್ ಲಿಥಿಯಂನ ವಿಶ್ವಸಂಸ್ಥೆ ಸಂಖ್ಯೆ 3394: ಗಾಳಿಗೆ ಹೊತ್ತುವ, ನೀರಿಗೆ ವರ್ತಿಸುವ ಸಾವಯವ ಲೋಹ ದ್ರವ. ಪ್ರಯಾಣಿಕರ ವಿಮಾನದಲ್ಲಿ ಇದಕ್ಕೆ ಜಾಗವಿಲ್ಲ. ದೊಡ್ಡ ಪ್ರಮಾಣದಲ್ಲಿ ಉಕ್ಕಿನ ಸಿಲಿಂಡರುಗಳಲ್ಲಿ ಹಡಗು ಮತ್ತು ರಸ್ತೆಯ ಮೂಲಕವೇ ಬರಬೇಕು.

ಬ್ಯುಟೈಲ್ ಲಿಥಿಯಂ ತಯಾರಿಸುವ ಪ್ರಮುಖ ಭಾರತೀಯ ಘಟಕ ಇರುವುದು ಹೈದರಾಬಾದಿನಲ್ಲಿ. ಅಮೆರಿಕದ ಲಿವೆಂಟ್ ಕಂಪನಿಯ ಕೈಯಲ್ಲಿದ್ದ ಬ್ಯುಲಿಕೆಮ್ ಎಂಬ ಆ ಸಂಸ್ಥೆಯನ್ನು 2023ರಲ್ಲಿ ಮಹಾರಾಷ್ಟ್ರದ ನಿಯೋಜೆನ್ ಕೆಮಿಕಲ್ಸ್ ಕೊಂಡಿತು. 64 ಕಿಲೋ ಬ್ಯುಟೈಲ್ ಲಿಥಿಯಂಗೆ ಲೆಕ್ಕದ ಪ್ರಕಾರ ಸುಮಾರು 14 ಕಿಲೋ ಲಿಥಿಯಂ ಲೋಹ ಬೇಕು. ದೇಶ ಲಿಥಿಯಂಗೆ ಆಮದನ್ನೇ ನೆಚ್ಚಿಕೊಂಡಿದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ 1,600 ಟನ್ ಲಿಥಿಯಂ ನಿಕ್ಷೇಪ ಅಂದಾಜಿಸಿದ್ದನ್ನು 2021ರಲ್ಲಿ ಕೇಂದ್ರ ಸರ್ಕಾರ ತಿಳಿಸಿತು. ಜಾಗತಿಕ ಲೆಕ್ಕದಲ್ಲಿ ಅದು ಬಹಳ ಸಣ್ಣದು. ಸುದ್ದಿಯಾದದ್ದೂ ಬ್ಯಾಟರಿಯ ಕಾರಣಕ್ಕೆ. ಔಷಧಕ್ಕೂ ಅದೇ ಲೋಹ ಬೇಕೆಂಬುದನ್ನು ಆಗ ನೆನೆದವರು ವಿರಳ.

ಪೀಣ್ಯದ ಲೇತ್ ಕೆಲಸಗಾರರ ಬಗ್ಗೆ, ಎಲೆಕ್ಟ್ರಾನಿಕ್ ಸಿಟಿಯ ತಂತ್ರಾಂಶದವರ ಬಗ್ಗೆ ಪುಸ್ತಕಗಳು, ವರದಿಗಳು, ಚಿತ್ರಗಳು ಬಂದಿವೆ. ಗುತ್ತಿಗೆ ಸಂಶೋಧನೆಯ ರಸಾಯನಶಾಸ್ತ್ರಜ್ಞರ ಬಗ್ಗೆ ಬಂದದ್ದು ತೀರ ಕಡಿಮೆ, ಅದಕ್ಕೆ ಕಾರಣವೂ ಸ್ಪಷ್ಟ. ಅವರ ಪ್ರಯೋಗ ಪುಸ್ತಕದ ಪ್ರತಿ ಪುಟವೂ ಗ್ರಾಹಕ ಕಂಪನಿಯ ಆಸ್ತಿ. ಯಾವ ಅಣು, ಯಾವ ರೋಗಕ್ಕೆ ಎಂಬುದು ಎಷ್ಟೋ ಸಲ ಮಾಡುವವರಿಗೂ ಗೊತ್ತಿರುವುದಿಲ್ಲ. ಗೌಪ್ಯತೆಯ ಕರಾರು ಅಣುವಿಗೆ ಅನ್ವಯಿಸುತ್ತದೆ, ಸಿರಿಂಜು ಹಿಡಿಯುವ ಹದಕ್ಕಲ್ಲ. 1990ರ ದಶಕದಲ್ಲಿ ಈ ಕೆಲಸಕ್ಕೆ ಸೇರಿದವರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ಕರ್ನಾಟಕದ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ಮತ್ತು ಇತಿಹಾಸ ವಿಭಾಗಗಳು ಅವರ ಕೆಲಸದ ನೆನಪುಗಳನ್ನು ಅವರ ಮಾತಿನಲ್ಲೇ, ಕನ್ನಡದಲ್ಲೇ ದಾಖಲಿಸಿಕೊಳ್ಳುವ ಕೆಲಸವನ್ನು ಈಗಲೇ ಆರಂಭಿಸಬೇಕು.